ಅರಳಿದ ಸುಣ್ಣ

ಯುಗಾದಿಗೆ ಮುಂಚಿನ ಶನಿವಾರ, ರಾಜಾಜಿನಗರದ ನಮ್ಮ ವಠಾರದ ಹಿತ್ತಲಲ್ಲಿ ಅಪ್ಪ ಸುಣ್ಣ ಅರಳಿಸಿದರು. ತಗಡಿನ ಡ್ರಮ್ಮಿನಲ್ಲಿ ಸುಟ್ಟ ಸುಣ್ಣದ ಹೆಂಟೆಗಳಿದ್ದವು. ನೀರು ಸುರಿದ ಸ್ವಲ್ಪ ಹೊತ್ತಿಗೆ ಡ್ರಮ್ಮು ಬುಸುಗುಟ್ಟಿ ಕುದಿಯತೊಡಗಿತು. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಸರಿದರು.

"ಏನಮ್ಮ ಸೈನ್ಸ್ ಮೇಡಂ, ಒಲೆ ಇಲ್ದೆ ಹೆಂಗೆ ಕುದೀತು ಹೇಳು ನೋಡೋಣ," ಎಂದರು ಅಪ್ಪ.

ನಾನಾಗ ಹತ್ತನೇ ತರಗತಿ. ಪರೀಕ್ಷೆಗೆ ಉರು ಹೊಡೆದದ್ದನ್ನೇ ಒಪ್ಪಿಸಿದೆ. ಸುಣ್ಣದ ಕಲ್ಲಿನಲ್ಲಿ ಒಂದು ಕ್ಯಾಲ್ಸಿಯಂ, ಒಂದು ಇಂಗಾಲ, ಮೂರು ಆಮ್ಲಜನಕದ ಪರಮಾಣುಗಳು. ಗೂಡಿನಲ್ಲಿ ಸುಟ್ಟರೆ ಇಂಗಾಲವು ಎರಡು ಆಮ್ಲಜನಕದೊಡನೆ ಗಾಳಿಗೆ ಹೋಗುತ್ತದೆ. ಉಳಿದ ಸುಟ್ಟ ಸುಣ್ಣ ನೀರಿನೊಡನೆ ಕೂಡುವಾಗ ಶಾಖ ಬಿಡುತ್ತದೆ. ಕೂಡಿ ಮುಗಿದ ಮೇಲೆ ಎಷ್ಟು ನೀರು ಹಾಕಿದರೂ ಕುದಿಯುವುದಿಲ್ಲ.

"ನಿಂಗೂ ಸುಣ್ಣಕ್ಕೂ ಗೊತ್ತಿದ್ರೆ ಸಾಕು ಬಿಡು," ಎಂದು ಅಪ್ಪ ನಕ್ಕರು.

ಮಾರನೆಯ ಬೆಳಿಗ್ಗೆ ಅಪ್ಪ ಸ್ಟೂಲು ಹತ್ತಿ ಅಡುಗೆಮನೆಗೆ ಸುಣ್ಣ ಬಳಿಯುತ್ತಿದ್ದರು. ಕುಂಚದಿಂದ ಒಂದು ಮುದ್ದೆ ಜಾರಿ ಬಲಗಣ್ಣಿಗೆ ಬಿತ್ತು. ನಾನು ಚೊಂಬಿನಲ್ಲಿ ನೀರು ಹಿಡಿದು ಓಡಿದೆ.

"ನೀರು ಸೋಕಿಸ್ಬೇಡ ಕಣೇ! ಕಣ್ಣೊಳಗೇ ಕುದ್ದುಬಿಡತ್ತೆ! ನಿನ್ನೆ ನೋಡ್ಲಿಲ್ವಾ? ಹರಳೆಣ್ಣೆ ತಾ!" ಅಜ್ಜಿ ಕೂಗಿದರು.

ಅಪ್ಪ ಕಣ್ಣು ಅದುಮಿಕೊಂಡೇ ನನ್ನ ಕಡೆ ತಿರುಗಿದರು. "ಏನಮ್ಮಾ, ನೀರು ಹಾಕ್ಬಹುದಾ?"

ಅದು ಹಿಂದಿನ ದಿನವೇ ಕುದ್ದು ಮುಗಿದ ಸುಣ್ಣವೆಂದು ನನಗೆ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಅಜ್ಜಿಗೆ ಯಾರೂ ಎದುರಾಡುತ್ತಿರಲಿಲ್ಲ. ಚೊಂಬು ಕೆಳಗಿಟ್ಟು ಎಣ್ಣೆ ತಂದುಕೊಟ್ಟೆ.

"ಯಾಕ್ರೀ ನೀರಲ್ಲಿ ತೊಳೀಲಿಲ್ಲ? ಕೂಡ್ಲೇ ತೊಳೆದಿದ್ರೆ ಇಷ್ಟು ಸುಡ್ತಿರ್ಲಿಲ್ಲ," ಎಂದರು ಆಸ್ಪತ್ರೆಯ ಡಾಕ್ಟರು. ಅಜ್ಜಿ ನೆಲ ನೋಡಿದರು. ಅಪ್ಪ, "ಹೊಳೀಲಿಲ್ಲ ಸಾರ್," ಎಂದರು. ನನ್ನ ಹೆಸರು ಎತ್ತಲಿಲ್ಲ.

ಆ ಕಣ್ಣಿಗೆ ದೃಷ್ಟಿ ಮರಳಲಿಲ್ಲ. ಲೇತ್ ಯಂತ್ರದ ಮೇಲೆ ಕೂದಲೆಳೆಯ ವ್ಯತ್ಯಾಸ ಹಿಡಿಯುತ್ತಿದ್ದ ಅಪ್ಪನನ್ನು ಅವರ ಕಾರ್ಖಾನೆಯವರು ಗೇಟಿನ ಕಾವಲಿಗೆ ಕೂರಿಸಿದರು. ಅಪ್ಪ ಮನೆಯಲ್ಲಿ ತಮಾಷೆ ಮಾಡುವುದನ್ನು ಬಿಟ್ಟರು. ಆ ವರ್ಷದ ಪರೀಕ್ಷೆಯಲ್ಲಿ ಸುಣ್ಣದ ಪ್ರಶ್ನೆ ಬಂತು. ತಪ್ಪಿಲ್ಲದೆ ಬರೆದೆ. ಅಂಕಪಟ್ಟಿ ತೋರಿಸಿದಾಗ ಅಪ್ಪ ಅದನ್ನು ಎಡಗಣ್ಣಿನ ಹತ್ತಿರ ಹಿಡಿದು ಓದಿ, ತಲೆ ಸವರಿದರು. ಬೈದಿದ್ದರೆ ಚೆನ್ನಾಗಿತ್ತು.

ಮೂರು ವರ್ಷದ ಮೇಲೆ ಅಪ್ಪ ಎದೆನೋವು ಬಂದು ಹೋದರು. ಹೆಣದ ಪಕ್ಕ ಅಜ್ಜಿ, "ಅವತ್ತು ಎಣ್ಣೆ ಹಾಕಿದ್ದಕ್ಕೇ ಕಣ್ಣು ಅಷ್ಟಾದ್ರೂ ಉಳೀತು," ಎಂದು ಬಂದವರಿಗೆ ಹೇಳುತ್ತಿದ್ದರು. ನಾನು ತಲೆದೆಸೆಯ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ.

ಗೋಡೆಗೆ ಬಳಿದ ಸುಣ್ಣ, ಗೂಡಿನಲ್ಲಿ ಕಳೆದುಕೊಂಡದ್ದನ್ನು ಗಾಳಿಯಿಂದ ನಿಧಾನವಾಗಿ ಹಿಂದಕ್ಕೆ ಪಡೆದು ಮತ್ತೆ ಕಲ್ಲಾಗುತ್ತದೆ. ಇದನ್ನೂ ಪುಸ್ತಕದಲ್ಲೇ ಓದಿದ್ದೆ. ಅಪ್ಪ ಅಂದು ಬಳಿದಿದ್ದ ಅಡುಗೆಮನೆಯ ಅರ್ಧ ಗೋಡೆ ಹಾಗೆ ಗಟ್ಟಿಯಾಗಿ ನಿಂತಿತ್ತು.

ನೀರು ಹಾಕಬಹುದಾ ಎಂದು ಅಪ್ಪ ಕೇಳಿದ್ದರು. ನಾನು ಉತ್ತರ ಕೊಡಲಿಲ್ಲ.