ಹಳೇ ಅಂಗಿಯ ಡ್ರಮ್ಮು

ಕಾಕಾರ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಎಂದೋ ಒಂದು ಬೆಂಕಿಯಲ್ಲಿ ಹೋಗಿತ್ತಂತೆ. ಏನಾದರೂ ಅನುಮಾನ ಬಂದರೆ ಹುಬ್ಬಿರಬೇಕಾದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದರು. ಅದನ್ನು ಕಂಡರೆ ನಮ್ಮ ಅಗ್ನಿಶಾಮಕ ಠಾಣೆಯ ಡ್ರೈವರ್ ಗಾಡಿಯನ್ನು ನಾಲ್ಕು ಮಾರು ಹಿಂದೆಯೇ ನಿಲ್ಲಿಸುತ್ತಿದ್ದ.

ವಿಜಯಪುರದ ಕಡೆಯವರು. ಕುರ್ಲಾದ ಚಾಳಿನಲ್ಲಿ ಮೂವತ್ತು ವರ್ಷ ಕಳೆದರೂ ಅವರ ಮಾತು ಬದಲಾಗಿರಲಿಲ್ಲ. ನಾನು ಕುಂದಾಪುರದ ಕಡೆಯವನು, ಅವರ ಕೈಕೆಳಗಿನ ಫೈರ್‌ಮನ್. ಠಾಣೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನಾನು ಕಾಕಾ ಅನ್ನುತ್ತಿದ್ದೆ, ಅವರು ತಮ್ಮಾ ಅನ್ನುತ್ತಿದ್ದರು. ನನ್ನ ‘ಉಂಟು’ ಕೇಳಿದರೆ ಅವರಿಗೆ ನಗು. “ನಿಮ್ಮೂರಾಗ ‘ಐತಿ’ಗೆ ಬರಗಾಲ ಬಂದೈತೇನು?”

ಧಾರಾವಿಯ ಗಲ್ಲಿಗಳಲ್ಲಿ ರಾಸಾಯನಿಕದ ಖಾಲಿ ಡ್ರಮ್ಮುಗಳನ್ನು ತೊಳೆದು ಮತ್ತೆ ಮಾರುತ್ತಾರೆ. ಕೊಂಡವರು ಬೇರೇನೋ ತುಂಬುತ್ತಾರೆ, ಮೇಲೆ ಅಂಟಿಸಿದ ಹಳೆಯ ಚೀಟಿ ಹಾಗೇ ಇರುತ್ತದೆ. ಹಾಗಾಗಿ ಕಾಕಾ ಡ್ರಮ್ಮಿನ ಹತ್ತಿರ ಹೋಗುವ ಮೊದಲು ಅದನ್ನು ತುಂಬಿದ ಕೆಲಸಗಾರನನ್ನು ಹುಡುಕಿ, ಭುಜದ ಮೇಲೆ ಕೈ ಹಾಕಿ ವಿಚಾರಿಸುತ್ತಿದ್ದರು. “ಡ್ರಮ್ಮು ಯಾರದೋ ಹಳೇ ಅಂಗಿ ಹಾಕ್ಕೊಂಡು ನಿಂತಿರತೈತಿ, ತಮ್ಮಾ. ತುಂಬಿದವನ್ನ ಕೇಳು.”

ನನ್ನ ಮೊಬೈಲಿನಲ್ಲಿ ಒಂದು ಆ್ಯಪ್ ಇತ್ತು. ಡ್ರಮ್ಮಿನ ಚೀಟಿಯ ಮೇಲಿರುವ ನಾಲ್ಕಂಕಿಯ ಸಂಖ್ಯೆ ಒತ್ತಿದರೆ ಒಳಗಿರುವುದೇನು, ನೀರು ಹಾಕಬಹುದೇ, ಎಷ್ಟು ದೂರ ನಿಲ್ಲಬೇಕು, ಎಲ್ಲ ಹೇಳುತ್ತಿತ್ತು. ಕಾಕಾರ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ನಾನು ಅದನ್ನು ಗೇಲಿ ಮಾಡದ ದಿನವಿಲ್ಲ.

ಆ ಮಧ್ಯಾಹ್ನ ಒಂದು ಶೆಡ್ಡಿಗೆ ಬೆಂಕಿ ಬಿದ್ದಿತ್ತು. ಒಳಗೆ ಒಂದು ನೀಲಿ ಡ್ರಮ್ಮು. ಹೊಗೆಯೊಳಗೆ ಹೋಗುವಾಗ ತೊಡುವ ಉಸಿರಾಟದ ಸೆಟ್ಟುಗಳಿದ್ದ ಎರಡನೇ ಗಾಡಿ ಗಲ್ಲಿಯಲ್ಲಿ ಸಿಕ್ಕಿಕೊಂಡಿತ್ತು. ಕಾಕಾ ಹುಬ್ಬಿನ ಜಾಗ ಉಜ್ಜಿಕೊಳ್ಳುತ್ತ ತುಂಬಿದವನನ್ನು ಹುಡುಕುತ್ತಿದ್ದರು. ನಾನು ಬಾಗಿಲಿನಿಂದಲೇ ಅಂಕಿ ಓದಿ ಒತ್ತಿದೆ.

“ನೀರು ಹಾಕಬಹುದು ಕಾಕಾ, ಮೊಬೈಲಲ್ಲಿ ಉಂಟು. ಇನ್ನು ಯಾರನ್ನು ಕೇಳುವುದು?”

ಬನಿಯನ್ ತೊಟ್ಟ ಕೆಲಸಗಾರನೊಬ್ಬ ನನ್ನ ತೋಳು ಹಿಡಿದು, “ಸಾಬ್, ಸುನೋ ತೋ” ಎಂದು ಡ್ರಮ್ಮಿನತ್ತ ಕೈ ತೋರಿಸಿ ಏನೋ ಹೇಳಹೊರಟ. “ಪೀಛೆ ಹಟೋ” ಎಂದು ಅವನನ್ನು ಹಿಂದಕ್ಕೆ ತಳ್ಳಿದೆ. ಕಾಕಾ ಅದನ್ನು ನೋಡಲಿಲ್ಲ. ನನ್ನ ಮಾತು ನಂಬಿ ಪೈಪು ಹಿಡಿದು ಒಳಹೋದರು. ಡ್ರಮ್ಮಿನಲ್ಲಿದ್ದದ್ದು ಚೀಟಿಯಲ್ಲಿದ್ದದ್ದಲ್ಲ. ನೀರು ಬಿದ್ದದ್ದೇ ತಡ, ಬಿಳಿ ಹೊಗೆ ಎದ್ದು ಅವರನ್ನು ನುಂಗಿತು.

ಶ್ವಾಸಕೋಶ ಸುಟ್ಟಿತ್ತು. ವಿಚಾರಣೆಯ ಸಾಹೇಬರು ಆಸ್ಪತ್ರೆಗೇ ಬಂದು, ಯಾರನ್ನೂ ಕೇಳದೆ ನೀರು ಹಾಕಲು ಹೇಳಿದವರು ಯಾರು ಎಂದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮಂಚದ ಕಾಲ ಬಳಿ ನಿಂತಿದ್ದ ನಾನು ಮೊಬೈಲನ್ನು ಜೇಬಿನೊಳಗೆ ತಳ್ಳಿದೆ. ಕಾಕಾ ಮಾಸ್ಕು ಸರಿಸಿ, ತಾವೇ ತಮ್ಮ ಮೊಬೈಲಿನಲ್ಲಿ ನೋಡಿದ್ದಾಗಿ ಬರೆಸಿದರು. ಯಾವ ಮೊಬೈಲು ಎಂದು ಸಾಹೇಬರು ಕೇಳಲಿಲ್ಲ.

ಡಿಸ್ಚಾರ್ಜ್ ಆದ ಮರುದಿನ ನನ್ನನ್ನು ಚಾಳಿಗೆ ಕರೆಸಿದರು. ಕೈಯಲ್ಲಿ ಹೊಸ ಸ್ಮಾರ್ಟ್‌ಫೋನು. ನಾಲ್ಕು ಮಾತಿಗೊಮ್ಮೆ ಕೆಮ್ಮು.

“ನಿನ್ನ ಆ್ಯಪ್ ಇದರಾಗ ಹಾಕ್ಕೊಡು. ಯಾರರ ಬಂದು ತೋರಸು ಅಂದ್ರ ಬೇಕಲ್ಲ.”

“ಕಾಕಾ, ನಾನೇ ಹೋಗಿ ಹೇಳ್ತೇನೆ.”

“ಹೇಳಿ ನನ್ನ ಸುಳ್ಳುಗಾರನ್ನ ಮಾಡ್ತಿಯೇನು? ಹಾಕು ಸುಮ್ನ.”

ಹಾಕಿದೆ. ಒಳಗೆಲ್ಲೋ ನಿರಾಳವೇ ಆಗಿತ್ತು, ಅದನ್ನು ನೆನೆದರೆ ಈಗಲೂ ಊಟ ಸೇರುವುದಿಲ್ಲ.

ಆಮೇಲೆ ಎರಡು ಮಳೆಗಾಲ ಬದುಕಿದ್ದರು. ಈಗ ಠಾಣೆಗೆ ಹೊಸದಾಗಿ ಬಂದವರಿಗೆ ಆ ಆ್ಯಪ್ ಕಲಿಸುವವನು ನಾನೇ. ತುಂಬಿದವನನ್ನು ಮೊದಲು ಕೇಳಿ ಎನ್ನುತ್ತೇನೆ. ಹಿಂದೆ ಹಿರಿಯರೊಬ್ಬರು ಕೇಳದೆ ಹೋಗಿ ಏನಾಯಿತೆಂಬ ಕಥೆಯನ್ನೂ ಹೇಳುತ್ತೇನೆ. ಇವತ್ತಿನವರೆಗೂ ಅದನ್ನು ಕಾಕಾ ಕಡತದಲ್ಲಿ ಬರೆಸಿದ ಹಾಗೆಯೇ ಹೇಳುತ್ತ ಬಂದಿದ್ದೇನೆ.