ವಾಟರ್ ಪಂಪಿನ ಸೀಲು ಕೂರಿಸಿದ್ದು

ಬಲಗೈಗೆ ಲಕ್ವಾ ಹೊಡೆದ ಮೇಲೆ ಸಾಂಗಲಿ ಹತ್ತಿರದ ಕುಪವಾಡದ ನನ್ನ ಗ್ಯಾರೇಜು ಮಳೆಗಾಲವಿಡೀ ಮುಚ್ಚಿತ್ತು. ಮಿರಜದ ದವಾಖಾನೆಯಲ್ಲಿ ದಿನಾಲೂ ಕೈಗೆ ವ್ಯಾಯಾಮ ಮಾಡಿಸುತ್ತಿದ್ದರು. ಬೆರಳು ಮಡಚುತ್ತಿದ್ದವು, ಆದರೆ ಬೋಲ್ಟು ಬಿಚ್ಚುವ ಪಾನಾ ಹಿಡಿದರೆ ಜಾರಿ ಕೆಳಗೆ ಬೀಳುತ್ತಿತ್ತು. ಇನ್ನು ಈ ಕಸುಬು ಮುಗಿಯಿತು ಎಂದುಕೊಂಡಿದ್ದೆ.

ದಸರೆಗೆ ಪೂಜೆ ಮಾಡಲೆಂದು ಹೆಂಡತಿ ಶಟರು ಎತ್ತಿದಳು. ಅದನ್ನು ಕಂಡು, ನನ್ನ ಹಳೆಯ ಗಿರಾಕಿಯೊಬ್ಬರು ಮರುದಿನವೇ ಲಾರಿ ತಂದು ನಿಲ್ಲಿಸಿದರು. ಒಣದ್ರಾಕ್ಷಿಯ ವ್ಯಾಪಾರಿ, ಜೈನರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಗಾಡಿ ತಾವೇ ಓಡಿಸುತ್ತಾರೆ.

"ಮಿಸ್ತ್ರಿ, ಗಾಡಿ ನೀರ ಕುಡಿಯಾಕತ್ತೈತ್ರಿ. ಕೆಳಗ ಒಂದ ಹನಿ ಬೀಳಂಗಿಲ್ಲ. ಎಲ್ಲಾರೂ ಇಂಜಿನ್ನಿನ ಹೆಡ್ ಬಿಚ್ಚಬೇಕ ಅಂತಾರ."

"ನನ್ನ ಕೈ ನಡ್ಯಾಂಗಿಲ್ರಿ ಕಾಕಾ," ಎಂದೆ.

ಹೆಂಡತಿ ಅರಿಶಿನ-ಕುಂಕುಮದ ತಟ್ಟೆ ಎತ್ತಿಡುತ್ತಿದ್ದವಳು ನನ್ನ ಕಡೆ ತಿರುಗಿದಳು. "ಕೈ ನಡೀದಿದ್ರ ಏನಾತ್ರಿ, ಕಣ್ಣ ನಡೀತಾವಲ್ಲ? ನೀವು ಹೇಳ್ರಿ, ನಾ ಬಿಚ್ಚತೇನಿ."

ಅವಳು ಲಾರಿಯ ಕೆಲಸ ಮಾಡಿದವಳಲ್ಲ. ಆದರೆ ಇಲ್ಲಿನ ಕಾರಖಾನೆಯೊಂದರಲ್ಲಿ ವರ್ಷಗಟ್ಟಲೆ ಬೋಲ್ಟುಗಳನ್ನು ವಿಂಗಡಿಸಿದ್ದಳು. ಮುಟ್ಟಿ ನೋಡಿ ಅಳತೆ ಹೇಳುತ್ತಿದ್ದಳು. ಕಾಕಾ ಒಮ್ಮೆ ನನ್ನ ಮುಖ, ಒಮ್ಮೆ ಅವಳ ಮುಖ ನೋಡಿ ಬೀಗದ ಕೈ ಕೊಟ್ಟರು.

ಮೊದಲು ಆಯಿಲು ನೋಡಿದೆವು. ಕರ್ರಗೇ ಇತ್ತು, ನೀರು ಸೇರಿ ಹಾಲು ಬೆರೆತ ಚಹಾದಂತೆ ಆಗಿರಲಿಲ್ಲ. ಹೆಡ್ಡಿನಲ್ಲಿ ದೋಷವಿಲ್ಲವೆಂದು ನನಗೆ ಧೈರ್ಯ ಬಂತು. ರೇಡಿಯೇಟರು, ಪೈಪುಗಳೂ ಸರಿಯಾಗಿದ್ದವು. ಫ್ಯಾನಿನ ಹಿಂದೆ, ಇಂಜಿನ್ನಿನ ಮೈಮೇಲೆ ಮಾತ್ರ ಉಪ್ಪಿನಂಥ ಹಸಿರು ಹಕ್ಕಳೆ ಕಟ್ಟಿತ್ತು. ಅವಳು ಬೆರಳಿನಿಂದ ಕೆರೆದು ಮೂಸಿದಳು.

"ಸಿಹಿ ವಾಸನಿ ಬರ್ತೈತಿ."

"ಹಂಗಾರ ಅದು ಕೂಲಂಟ," ಎಂದೆ. ರೇಡಿಯೇಟರಿನ ನೀರಿಗೆ ಬೆರೆಸುವ ಹಸಿರು ದ್ರವ ಅದು.

ಫ್ಯಾನಿನ ಹಿಂದೆಯೇ ಇರುವ, ಇಂಜಿನ್ನಿಗೆ ನೀರು ಹರಿಸುವ ವಾಟರ್ ಪಂಪಿನ ಹೊಟ್ಟೆಯಲ್ಲೊಂದು ಸಣ್ಣ ತೂತಿರುತ್ತದೆ. ಒಳಗಿನ ಸೀಲು ಸವೆದರೆ ನೀರು ಅಲ್ಲಿಂದ ಹನಿದು ಸುಳಿವು ಕೊಡಬೇಕು. ಯಾರೋ ಆ ತೂತಿಗೇ ಅಂಟು ಮೆತ್ತಿ ಮುಚ್ಚಿದ್ದರು! ಹಾಗಾಗಿ ನೀರು ಬೇರಿಂಗಿನ ಮೂಲಕ ಹೊರಬಿದ್ದು, ಫ್ಯಾನಿನ ಗಾಳಿಗೆ ಸಿಡಿದು, ಬಿಸಿ ಇಂಜಿನ್ನಿನ ಮೇಲೆ ಆರಿಹೋಗುತ್ತಿತ್ತು. ನೆಲಕ್ಕೆ ಬೀಳುವುದಾದರೂ ಹೇಗೆ?

ಪಂಪು ಬಿಚ್ಚಿದೆವು. ಅಂದರೆ ಅವಳು ಬಿಚ್ಚಿದಳು, ನಾನು ಬಾಯಲ್ಲಿ ಹೇಳಿದೆ. ಹೊಸ ಬೇರಿಂಗು ಸಲೀಸಾಗಿ ಕೂತಿತು. ಸೀಲಿನದೇ ಕಷ್ಟ. ಅದು ಸ್ಪ್ರಿಂಗು ಇರುವ ಬಳೆ. ನೆಟ್ಟಗೆ ಇಳಿಯಬೇಕು, ಅದರ ಕರಿ ಮುಖಕ್ಕೆ ಜಿಡ್ಡಿನ ಬೆರಳು ತಾಗಬಾರದು. ಅವಳು ಒತ್ತುವಾಗ ಒಂದು ಬದಿ ತಗ್ಗಿತು. ಚಟ್ ಎಂದು ಸೀಲು ಒಡೆಯಿತು. ಅವಳ ಮುಖ ಬಾಡಿತು.

ಕಾಕಾ ನನ್ನ ಸ್ಕೂಟರು ತೆಗೆದುಕೊಂಡು ಸಾಂಗಲಿಗೆ ಹೋಗಿ ಇನ್ನೊಂದು ಸೀಲು ತಂದರು.

ಈ ಸಲ ಸೀಲಿನ ಮೇಲೆ ಅದರ ಅಳತೆಯ ಪೈಪಿನ ತುಂಡು ಇಟ್ಟೆವು. ಅದರ ತಲೆಯ ಮೇಲೆ ನನ್ನ ಬಲ ಅಂಗೈಯನ್ನು ಚಪ್ಪಟೆಯಾಗಿ ಇಟ್ಟೆ. ಹಿಡಿಯಲಾರದ ಕೈಗೆ ಭಾರ ಹಾಕಲು ಬರುತ್ತಿತ್ತು. ಅವಳು ನನ್ನ ಕೈಮೇಲೆ ತನ್ನೆರಡೂ ಕೈಯಿಟ್ಟು ಒತ್ತಿದಳು. ಪೈಪು ಯಾವ ಕಡೆ ವಾಲುತ್ತದೆಂದು ಅಂಗೈಗೆ ತಿಳಿಯುತ್ತಿತ್ತು.

"ಸ್ವಲ್ಪ ನಿನ್ನ ಕಡೆ... ಹಾಂ, ಈಗ ನೆಟ್ಟಗ ಒತ್ತು."

ಸೀಲು ಸದ್ದಿಲ್ಲದೆ ಇಳಿದು ಕೂತಿತು. ಎಷ್ಟೋ ತಿಂಗಳ ಮೇಲೆ ನನ್ನ ಬಲಗೈ ಕೆಲಸ ಮಾಡಿತ್ತು. ಇಬ್ಬರೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.

ತೂತಿನ ಅಂಟು ಕೆರೆದು ತೆಗೆದು, ಪಂಪು ಏರಿಸಿ, ಕೂಲಂಟು ತುಂಬಿ, ಮಾಲು ತುಂಬಿದ ಲಾರಿಯಲ್ಲೇ ಮೂವರೂ ಹೊರಟೆವು. ವಿಶ್ರಾಮಬಾಗ ದಾಟಿ ಮಿರಜದವರೆಗೂ ಅವಳ ಕಣ್ಣು ಬಿಸಿ ತೋರಿಸುವ ಮುಳ್ಳಿನ ಮೇಲೇ ಇತ್ತು. ಸೇತುವೆಯ ಏರು ಹತ್ತುವಾಗ ನಾನೂ ಬಾಗಿ ನೋಡಿದೆ. ಮುಳ್ಳು ನಡುವಿನಿಂದ ಅಲುಗಲಿಲ್ಲ. ದಾಟಿದ ಮೇಲೆ ಕಾಕಾ ಗಾಡಿ ನಿಲ್ಲಿಸಿದಾಗ ಅವಳೇ ಕೆಳಗೆ ತೂರಿ, ಪಂಪಿನ ತೂತು ಸವರಿ ಬಂದಳು.

"ಒಣಗೈತ್ರಿ."

ಕಾಕಾ ಹಾರ್ನು ಬಾರಿಸಿಯೇ ಬಿಟ್ಟರು. ರಸ್ತೆಯವರೆಲ್ಲ ತಿರುಗಿ ನೋಡಿದರು. "ಮನಿಯಾಗ ಇನ್ನೊಂದ ಗಾಡಿ ಐತಿ, ನಾಳಿ ಅದನ್ನೂ ತರ್ತೇನ್ರಿ," ಎಂದು ಅವರು ಹೇಳಿದ್ದು ನನಗಲ್ಲ, ಅವಳಿಗೆ.

ಈಗ ಜತ್ತದ ಕಡೆಯಿಂದ ಬರುವ ಡ್ರೈವರುಗಳು ಇಳಿಯುತ್ತಲೇ, "ಮಿಸ್ತ್ರಿ ಬಾಯಾರ ಅದಾರೇನ್ರಿ?" ಎಂದು ಕೇಳುತ್ತಾರೆ. ಅವಳು ಸೀರೆಯ ಮೇಲೆ ನನ್ನ ಹಳೆಯ ಖಾಕಿ ಅಂಗಿ ತೊಟ್ಟು ಹೊರಬರುತ್ತಾಳೆ. ನಾನು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂರುತ್ತೇನೆ.