ಮುಷ್ಟಿಯೊಳಗಿನ ಬೀಗದ ಕೈ

ಕುಂದಾಪುರ ಪೇಟೆಯ ಸರ್ಕಾರಿ ಶಾಲೆಗಳಿಗೆ ನಾನು ನರ್ಸ್ ಆಗಿ ಓಡಾಡುತ್ತಿದ್ದಾಗಿನ ಮಾತು. ಒಂದು ಬೆಳಿಗ್ಗೆ ಪ್ರಾರ್ಥನೆಗೆ ನಿಂತಿದ್ದ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಫಿಟ್ಸ್ ಬಂದು ಧೊಪ್ಪೆಂದು ಬಿದ್ದಳು. ಹಣೆ ಒಡೆದು ರಕ್ತ ಸೋರತೊಡಗಿತು.

ನಾನು ಓಡಿಹೋಗಿ ಅವಳನ್ನು ಪಕ್ಕಕ್ಕೆ ಹೊರಳಿಸುವಷ್ಟರಲ್ಲಿ ಹೆಡ್‌ಮಾಷ್ಟ್ರು, "ಹ್ವಾಯ್, ಕಬ್ಣ ಕೊಡಿ, ಕಬ್ಣ!" ಎಂದು ಕೂಗುತ್ತಾ ತಮ್ಮ ಜೇಬಿನ ಬೀಗದ ಕೈಯನ್ನೇ ಅವಳ ಅಂಗೈಗೆ ತುರುಕಿದರು. ಮುಷ್ಟಿ ಬಿಗಿಯಿತು.

"ಮಾಷ್ಟ್ರೇ, ಅದೆಲ್ಲ ಬ್ಯಾಡ. ಫಸ್ಟ್ ಏಡ್ ಪೆಟ್ಟಿಗೆ ಎಲ್ಲಿತ್ತ್? ಹತ್ತಿ ಬೇಕ್."

"ಕಪಾಟಲ್ ಇತ್ತ್."

"ತೆಗೀರಿ ಮತ್ತೆ!"

ಅವರು ಹುಡುಗಿಯ ಮುಷ್ಟಿ ನೋಡಿದರು. "ಕಪಾಟಿನ ಬೀಗದ್ ಕೈ ಅದೇ. ಈಗ ಬಿಡ್ಸುಕಾಗ ಸಿಸ್ಟರೇ, ಬಿಡ್ಸಿರೆ ಮತ್ತೆ ಬತ್ತ್."

ನಾನು ಸೆರಗನ್ನೇ ಮಡಚಿ ಹಣೆಗೆ ಒತ್ತಿ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಫಿಟ್ಸ್ ತಾನಾಗಿ ನಿಂತಿತು. "ಕಂಡ್ರ್ಯಾ, ಕಬ್ಣ ಕೊಟ್ಟದ್ದಕ್ಕೆ ನಿಂತದ್" ಎಂದರು ಮಾಷ್ಟ್ರು, ರಕ್ತ ಮೆತ್ತಿದ ನನ್ನ ಸೆರಗಿನ ಎದುರೇ.

ಹುಡುಗಿಯನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಸೇರಿಸಿ ಬಂದವಳೇ ಅವರನ್ನು ಹಿಡಿದು ನಿಲ್ಲಿಸಿದೆ. ಕಬ್ಬಿಣಕ್ಕೂ ಫಿಟ್ಸಿಗೂ ಸಂಬಂಧವಿಲ್ಲ, ಪೆಟ್ಟಿಗೆಗೆ ಬೀಗ ಬೇಡ, ಅದು ಕೈಗೆ ಸಿಗುವಂತೆ ಇರಬೇಕು ಎಂದೆ. ಪಾಪ, ತಲೆಯಾಡಿಸುತ್ತಾ ಎಲ್ಲ ಕೇಳಿಸಿಕೊಂಡರು.

ಮುಂದಿನ ತಿಂಗಳು ಹೋದಾಗ ಪೆಟ್ಟಿಗೆ ಮೇಜಿನ ಮೇಲೇ ಇತ್ತು. ಖುಷಿಯಿಂದ ಮುಚ್ಚಳ ತೆಗೆದೆ. ಒಳಗೆ, ತುಕ್ಕು ಉಜ್ಜಿ ಎಣ್ಣೆ ಹಚ್ಚಿದ ಗೇಣುದ್ದದ ಹಳೇ ಬೀಗದ ಕೈಯೊಂದು ಮಲಗಿತ್ತು. ಹತ್ತಿ ಮಾತ್ರ ಇರಲಿಲ್ಲ.